ಬೆಂಗಳೂರಿನಲ್ಲಿ ಅಲಿಯಂ ಗಡ್ಡೆ ಕೊಳ್ಳುವ ಮುಂಚೆ ಇದನ್ನು ಓದಿ

ಅಲಿಯಂ ಗಡ್ಡೆಗೆ ಆರ್ಡರ್ ಹಾಕಲು ಹೊರಟಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಎರಡು ವರ್ಷ ಕಾದಿದ್ದೇನೆ, ಒಂದೂ ಹೂ ಕಾಣಲಿಲ್ಲ.

ಅಲಿಯಂ ಅಂದರೆ ನಮ್ಮ ಈರುಳ್ಳಿ, ಬೆಳ್ಳುಳ್ಳಿಯ ಕುಲವೇ. ಅದರಲ್ಲಿ ಹೂವಿಗೆಂದೇ ಬೆಳೆಸುವ ಜಾತಿಗಳಿವೆ. ನಾನು ಗದಗದ ಕಡೆಯವಳು. ಬೀಜಕ್ಕೆ ಬಿಟ್ಟ ಉಳ್ಳಾಗಡ್ಡಿ ಹೊಲದಲ್ಲಿ ಕಡ್ಡಿಯ ತುದಿಗೆ ಚೆಂಡಿನ ಹಾಗೆ ಬಿಳಿ ಹೂ ನಿಂತಿರುವುದನ್ನು ನೋಡುತ್ತಲೇ ಬೆಳೆದವಳು, ಹಾಗಾಗಿ ಅದೇ ಹೂ ನೇರಳೆ ಬಣ್ಣದಲ್ಲಿ, ಆಳೆತ್ತರಕ್ಕೆ ಬಿಡುತ್ತದೆ ಅಂತ ಫೋಟೋ ಕಂಡಾಗ ತಡೆಯಲಾಗಲಿಲ್ಲ. ಆನ್‌ಲೈನ್‌ನಲ್ಲಿ ಮಾರುವವರು ‘ಎಲ್ಲ ಹವಾಮಾನಕ್ಕೂ ಸರಿ’ ಅಂತ ಬರೆದಿದ್ದರು. 6 ಗಡ್ಡೆಗೆ 1,400 ರೂಪಾಯಿ ಕೊಟ್ಟೆ.

ನವೆಂಬರ್‌ನಲ್ಲಿ ತಾರಸಿಯ ಕುಂಡಗಳಲ್ಲಿ ನೆಟ್ಟೆ. ಎಲೆ ಚೆನ್ನಾಗಿಯೇ ಬಂತು. ಫೆಬ್ರವರಿಗೆ ಹಳದಿಯಾಗಿ ಮಲಗಿತು. ಮಾರಿದವರನ್ನು ಕೇಳಿದರೆ ಗೊಬ್ಬರ ಜಾಸ್ತಿ ಹಾಕಿ ಅಂದರು, ಹಾಕಿದೆ, ನೀರೂ ಕೊಟ್ಟೆ. ಜೂನ್ ಮಳೆಯಲ್ಲಿ ಮೂರು ಗಡ್ಡೆ ಕೊಳೆತು ವಾಸನೆ ಬಂತು. ದುಡ್ಡು ಕೇಳಿದ್ದಕ್ಕೆ, ಎಲೆ ಬಂದಿದೆಯಲ್ಲ, ಗಡ್ಡೆ ಚೆನ್ನಾಗಿತ್ತು ಅಂತಲೇ ಅರ್ಥ ಅನ್ನುವ ಉತ್ತರ.

ಆಮೇಲೆ ಕೂತು ಓದಿದಾಗ ವಿಷಯ ಗೊತ್ತಾಯಿತು. ಅಲಿಯಂ ಜೈಗ್ಯಾಂಟಿಯಂನಂಥ ದೊಡ್ಡ ಹೂವಿನ ಜಾತಿಗಳ ತವರು ಮಧ್ಯ ಏಷ್ಯಾ, ಉಜ್ಬೇಕಿಸ್ತಾನ, ಅಫ್ಘಾನಿಸ್ತಾನದ ಕಡೆಯ ಬೆಟ್ಟಗಳು. ಅಲ್ಲಿ ಚಳಿಗಾಲದಲ್ಲಿ ಹಿಮ, ಬೇಸಿಗೆಯಲ್ಲಿ ಒಣ ಮಣ್ಣು. ಮಣ್ಣೊಳಗೆ ವಾರಗಟ್ಟಲೆ ಕೊರೆಯುವ ಚಳಿ ತಿಂದರೆ ಮಾತ್ರ ಗಡ್ಡೆ ಹೂವಿನ ಕಡ್ಡಿ ಎತ್ತುತ್ತದೆ. ನಮ್ಮಲ್ಲಿ ಜನವರಿ ರಾತ್ರಿಯೂ ಸುಮಾರು 15 ಡಿಗ್ರಿ. ನಾವು ಸ್ವೆಟರ್ ಹಾಕಿಕೊಳ್ಳುತ್ತೇವೆ ಅಷ್ಟೆ, ಆ ಗಡ್ಡೆಗೆ ಅದು ಚಳಿಯೇ ಅಲ್ಲ. ಅದು ಒಣಗಿ ಮಲಗಬೇಕಾದ ಹೊತ್ತಿಗೆ ನಮ್ಮ ಮಳೆಗಾಲ ಶುರುವಾಗುತ್ತದೆ, ಕೊಳೆಯದೆ ಇನ್ನೇನಾಗುತ್ತದೆ?

ಆ ಚಳಿ ಸಿಗಲಿ ಅಂತ ಉಳಿದ ಮೂರನ್ನು ಆಗಸ್ಟ್‌ನಿಂದ 12 ವಾರ ಫ್ರಿಜ್‌ನಲ್ಲಿಟ್ಟೆ, ತರಕಾರಿ ಡಬ್ಬದಲ್ಲಿ, ಸೇಬಿನ ಪಕ್ಕದಲ್ಲೇ. ಹಣ್ಣಿನ ಪಕ್ಕ ಇಡುವುದನ್ನಂತೂ ಯಾರೂ ಮಾಡಬೇಡಿ. ಹಣ್ಣಾಗುವ ಸೇಬು, ಬಾಳೆ ಬಿಡುವ ಎಥಿಲೀನ್ ಗಾಳಿಗೆ ಗಡ್ಡೆಯೊಳಗಿನ ಮೊಗ್ಗು ಸತ್ತುಹೋಗಬಹುದು. ನೆಟ್ಟ ಮೇಲೆ ಮತ್ತೆ ಎಲೆ ಬಂತು, ಹೂ ಬರಲಿಲ್ಲ.

ಗಡ್ಡೆ ದುಬಾರಿ ಅಂತ ಬೀಜದ ಪ್ಯಾಕೆಟ್‌ಗೆ ಹೋಗಬೇಡಿ, ಈ ದೊಡ್ಡ ಜಾತಿಗಳು ಚಳಿ ದೇಶದಲ್ಲೇ ಬೀಜದಿಂದ ಹೂ ಬಿಡಲು ಮೂರು ವರ್ಷಕ್ಕೂ ಜಾಸ್ತಿ ತೆಗೆದುಕೊಳ್ಳುತ್ತವೆ. ಇನ್ನೊಂದು ಮಾತು, ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಈ ಕುಲದ ಯಾವ ಗಿಡವೂ ಅವುಗಳ ಬಾಯಿಗೆ ಸಿಗಬಾರದು. ತಿಂದರೆ ಕೆಂಪು ರಕ್ತಕಣ ಒಡೆದು ಜೀವಕ್ಕೇ ಅಪಾಯ. ಮಣ್ಣು ಕೆದಕಿ ಗಡ್ಡೆ ತೆಗೆಯುವ ನಾಯಿಯಿದ್ದರೆ ನೆಡಲೇಬೇಡಿ.

ಈ ಕುಲದ ಹೂ ಬೇಕೇ ಬೇಕು ಅನ್ನುವವರು ಗಾರ್ಲಿಕ್ ಚೈವ್ಸ್ ಅನ್ನುವ, ಬೆಳ್ಳುಳ್ಳಿ ವಾಸನೆಯ ಎಲೆಯ ಗಿಡ ಹಾಕಿ ನೋಡಿ. ಅದಕ್ಕೆ ಆ ಚಳಿ ಬೇಕಿಲ್ಲ. ಹೂ ಚಿಕ್ಕದು, ಬಿಳಿ, ಚೆಂಡಿನಷ್ಟು ತುಂಬಿಕೊಂಡಿರುವುದಿಲ್ಲ. ಆದರೆ ನನ್ನ ತಾರಸಿಯಲ್ಲಿ ಈಗ ಅರಳಿ ನಿಂತಿದೆ, ಎಲೆ ಚಟ್ನಿಗೂ ಆಗುತ್ತದೆ.