ಬೇಕಾದ ಅಕ್ಷರಗಳಿರುವ ಇಂಗ್ಲಿಷ್ ಪದ ಹುಡುಕಲು ಆ್ಯಪ್, ಜಾಲತಾಣ, ಪುಸ್ತಕ, ಗ್ರೆಪ್: ನನ್ನ ಮತ ಗ್ರೆಪ್‌ಗೆ

ಅಕ್ಷರದ ಬಿಲ್ಲೆಗಳನ್ನು ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಮುಗಿದ ಮೇಲೆ, ಕೈಯಲ್ಲಿದ್ದ ಏಳು ಬಿಲ್ಲೆಗಳಿಂದ ಇನ್ನೂ ಯಾವ ಪದ ಕಟ್ಟಬಹುದಿತ್ತು ಎಂದು ಹುಡುಕಿ ನೋಡುವ ಚಟ ನನಗಿದೆ. ಈ ಚಟಕ್ಕಾಗಿ ವರ್ಷಕ್ಕೆ ಎಂಟುನೂರು ರೂಪಾಯಿಯಷ್ಟು ಚಂದಾ ಕಟ್ಟಿ ಒಂದು ಆ್ಯಪ್ ತೆಗೆದುಕೊಂಡೆ. ಈಗ ಅದನ್ನು ಬಿಟ್ಟು, ಕಾಸು ಖರ್ಚಿಲ್ಲದ ಒಂದು ಪದಪಟ್ಟಿಯ ಕಡತವನ್ನೂ ಕಡತದಲ್ಲಿ ಬೇಕಾದ ಸಾಲುಗಳನ್ನು ಹುಡುಕಿ ಕೊಡುವ ಗ್ರೆಪ್ ಎಂಬ ಹಳೆಯ ಕಂಪ್ಯೂಟರ್ ಕಮಾಂಡನ್ನೂ ನೆಚ್ಚಿಕೊಂಡಿದ್ದೇನೆ.

ಆ್ಯಪ್ ನೋಡಲು ಅಂದವಾಗಿತ್ತು, ವೇಗವೂ ಇತ್ತು. ತೊಡಕಿದ್ದುದು ಒಂದೇ ಕಡೆ. "ಈ ಅಕ್ಷರಗಳಿರುವ ಪದ" ಎಂಬ ಕೋರಿಕೆಗೆ ಕನಿಷ್ಠ ಮೂರು ಅರ್ಥಗಳಿವೆ: ಅಕ್ಷರಗಳು ಅದೇ ಕ್ರಮದಲ್ಲಿ ಒತ್ತಾಗಿ ಬರಬೇಕೆಂದು ಒಂದು, ಎಲ್ಲಿ ಬೇಕಾದರೂ ಇರಲಿ ಆದರೆ ಎಲ್ಲವೂ ಇರಬೇಕೆಂದು ಇನ್ನೊಂದು, ಅವು ಮಾತ್ರ ಇದ್ದು ಬೇರೆ ಯಾವುದೂ ಇರಬಾರದೆಂದು ಮತ್ತೊಂದು. ಆ್ಯಪ್‌ನಲ್ಲಿ ಈ ಮೂರಕ್ಕೂ ಬೇರೆ ಬೇರೆ ಗುಂಡಿಗಳಿದ್ದವು. ಆದರೆ ಎರಡನೆಯ ಗುಂಡಿ, ಒಂದೇ ಅಕ್ಷರವನ್ನು ಎರಡು ಸಲ ಒತ್ತಿದರೆ ಎರಡನೆಯದನ್ನು ಸದ್ದಿಲ್ಲದೆ ಕೈಬಿಡುತ್ತಿತ್ತು.

ಇದು ಸಣ್ಣ ಕೊರತೆಯಂತೆ ಕಾಣಬಹುದು. ಆದರೆ ಇಂಗ್ಲಿಷ್ ಸ್ಕ್ರ್ಯಾಬಲ್‌ನ 100 ಬಿಲ್ಲೆಗಳಲ್ಲಿ 'ಇ' ಅಕ್ಷರದವೇ 12 ಇರುವುದರಿಂದ, ಕೈಯಲ್ಲಿ ಎರಡು 'ಇ' ಬರುವುದು ದಿನನಿತ್ಯದ ಸಂಗತಿ. ಎರಡು 'ಇ', ಎರಡು 'ಟಿ', ಒಂದು 'ಎಲ್', ಒಂದು 'ಆರ್' ಕೊಟ್ಟು 'ಲೆಟರ್' ಮತ್ತು ಅದರ ಬಳಗದ ಪದಗಳನ್ನು ನಿರೀಕ್ಷಿಸಿದರೆ, ಪರದೆಯ ತುಂಬ 'ಆಲ್ಟರ್', 'ಫಿಲ್ಟರ್', 'ಟ್ರೋವೆಲ್' ಬಂದು ಕೂರುತ್ತಿದ್ದವು. ಇವುಗಳಲ್ಲಿ 'ಇ' ಒಂದೇ, 'ಟಿ'ಯೂ ಒಂದೇ. ಸಾವಿರಗಟ್ಟಲೆ ಪದಗಳ ಆ ರಾಶಿಯಿಂದ ಬೇಕಾದವನ್ನು ಕಣ್ಣಿನಿಂದಲೇ ಆರಿಸಿಕೊಳ್ಳುವುದಾದರೆ ದುಡ್ಡು ಕೊಟ್ಟದ್ದು ಯಾತಕ್ಕೆ? ಸಹಾಯವಾಣಿಗೆ ಬರೆದಾಗ, ಮೂರನೆಯ ಗುಂಡಿಯನ್ನು ಬಳಸಿ ಎಂಬ ಉತ್ತರ ಬಂತು. ಅದು ಕೊಟ್ಟ ಅಕ್ಷರಗಳನ್ನಷ್ಟೇ ಬಳಸುವ ಪದಗಳನ್ನು ತೋರಿಸುತ್ತದೆ; ಹಲಗೆಯ ಮೇಲೆ ಆಗಲೇ ಇರುವ ಅಕ್ಷರವನ್ನು ಸೇರಿಸಿಕೊಂಡು ಎಂಟಕ್ಷರದ ಪದ ಕಟ್ಟುವವನಿಗೆ ಅದರಿಂದ ಪ್ರಯೋಜನವಿಲ್ಲ.

ಗ್ರೆಪ್ ಅನ್ನು ಕೆನ್ ಥಾಂಪ್ಸನ್ 1973ರ ಸುಮಾರಿಗೆ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗಾಗಿ ಬರೆದರು. ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಅದು ಮೊದಲೇ ಇರುತ್ತದೆ. ಪದಪಟ್ಟಿಯನ್ನು ಹಾಗೆಯೇ ಇಟ್ಟುಕೊಳ್ಳದೆ, ಪ್ರತಿ ಪದದ ಪಕ್ಕದಲ್ಲಿ ಅದರ ಅಕ್ಷರಗಳನ್ನು ಅಕಾರಾದಿಯಾಗಿ ಜೋಡಿಸಿ ಬರೆದ ಇನ್ನೊಂದು ಕಾಲಂ ಸೇರಿಸಿಕೊಂಡೆ. ಪಳಗಿದ ಆಟಗಾರರು ಇದನ್ನು ಆಲ್ಫಾಗ್ರಾಮ್ ಎನ್ನುತ್ತಾರೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕೈದು ಸಾಲಿನ ಕೆಲಸ. ಆ ಕಾಲಂನಲ್ಲಿ 'ಲೆಟರ್' ಎಂಬುದು ಇ-ಇ-ಎಲ್-ಆರ್-ಟಿ-ಟಿ ಎಂದಿರುತ್ತದೆ. ಹುಡುಕುವಾಗ ಇದೇ ಕ್ರಮದಲ್ಲಿ ಅಕ್ಷರಗಳನ್ನು ಕೊಟ್ಟು, ಪ್ರತಿ ಎರಡರ ನಡುವೆ ಒಂದು ಚುಕ್ಕಿ ಮತ್ತು ಒಂದು ನಕ್ಷತ್ರ ಚಿಹ್ನೆ ಹಾಕಿದರೆ, ನಡುವೆ ಏನಾದರೂ ಇರಲಿ, ಏನೂ ಇಲ್ಲದಿರಲಿ ಎಂದು ಹೇಳಿದಂತಾಗುತ್ತದೆ. ಎರಡೆರಡು 'ಇ', 'ಟಿ'ಗಳ ಲೆಕ್ಕ ತಪ್ಪುವುದಿಲ್ಲ: 'ಸೆಟ್ಲರ್' ಬರುತ್ತದೆ, ನಾನು ಊಹಿಸಿಯೇ ಇರದ 'ಟೆಲಿಮೆಟ್ರಿ' ಬರುತ್ತದೆ, 'ಫಿಲ್ಟರ್' ಮಾತ್ರ ಹತ್ತಿರ ಸುಳಿಯುವುದಿಲ್ಲ. ಚುಕ್ಕಿ, ನಕ್ಷತ್ರಗಳನ್ನು ಬಿಟ್ಟು ಎ-ಇ-ಐ-ಎನ್-ಆರ್-ಎಸ್-ಟಿ ಎಂಬುದಷ್ಟೇ ಇಡೀ ಕಾಲಂ ಆಗಿರಬೇಕೆಂದು ಕೇಳಿದರೆ 'ರಿಟೇನ್ಸ್', 'ರೆಟಿನಾಸ್', 'ನ್ಯಾಸ್ಟಿಯರ್', 'ಸ್ಟೇನರ್' ಒಟ್ಟಿಗೆ ಸಿಗುತ್ತವೆ. ಏಳೂ ಬಿಲ್ಲೆ ಖಾಲಿಯಾಗಿ 50 ಅಂಕಗಳ ಬೋನಸ್ ಬರುವ ಪದಗಳಿವು.

ಯಾವ ಪದಪಟ್ಟಿ ಎಂಬುದನ್ನು ನೋಡಿಕೊಳ್ಳಬೇಕು. ಮ್ಯಾಕ್‌ನಲ್ಲಿ ಮೊದಲೇ ಇರುವ ಪಟ್ಟಿ 1934ರ ವೆಬ್‌ಸ್ಟರ್ ನಿಘಂಟಿನಿಂದ ಬಂದದ್ದು. ಅದರಲ್ಲಿ 'ರಿಟೇನ್' ಇದೆ, 'ರಿಟೇನ್ಸ್' ಇಲ್ಲ, ಹಾಗಾಗಿ ಆಟಕ್ಕೆ ಒದಗುವುದಿಲ್ಲ. ನಾನು ಬಳಸುವುದು ಎನೇಬಲ್ ಎಂಬ, ಯಾರ ಹಕ್ಕಿಗೂ ಒಳಪಡದ, 1 ಲಕ್ಷ 72 ಸಾವಿರಕ್ಕೂ ಹೆಚ್ಚು ಪದಗಳ ಪಟ್ಟಿ. ಹಳೆಯದಾದ್ದರಿಂದ ಅದರಲ್ಲಿ ಇಲ್ಲದ 'ಚೀ' (ಕ್ಯೂ-ಐ) ಮತ್ತು 'ಝಾ' (ಝಡ್-ಎ) ಪದಗಳನ್ನು ಕೈಯಾರೆ ಸೇರಿಸಿಕೊಂಡೆ. ನಮ್ಮಲ್ಲಿ ಸ್ಪರ್ಧೆಗಳಿಗೆ ಪ್ರಮಾಣವಾದ ಕಾಲಿನ್ಸ್ ಪಟ್ಟಿ ಇನ್ನೂ ದೊಡ್ಡದು, ಇಡ್ಲಿ ದೋಸೆಗಳೂ ಅದರಲ್ಲಿ ಸಲ್ಲುತ್ತವೆ. ಅದರ ಹಕ್ಕುಗಳು ಪ್ರಕಾಶಕರದಾದ್ದರಿಂದ, ಪದವೊಂದು ಸಲ್ಲುತ್ತದೋ ಇಲ್ಲವೋ ಎಂಬ ಜಗಳ ಬಂದಾಗ ಮಾತ್ರ ಅಲ್ಲಿಗೆ ಹೋಗುತ್ತೇನೆ.

ಜಾಲತಾಣಗಳಲ್ಲಿ ಒನ್‌ಲುಕ್ ಚೆನ್ನಾಗಿದೆ, ಉಚಿತ. ಗೊತ್ತಿಲ್ಲದ ಒಂದೊಂದು ಅಕ್ಷರಕ್ಕೆ ಪ್ರಶ್ನಾರ್ಥಕ ಚಿಹ್ನೆ, ಎಷ್ಟಾದರೂ ಇರಬಹುದಾದ ಜಾಗಕ್ಕೆ ನಕ್ಷತ್ರ ಚಿಹ್ನೆ ಕೊಡಬಹುದು. ಮುಂದೆ ಕೋಲನ್ ಹಾಕಿ ಅರ್ಥದ ಸುಳಿವನ್ನೂ ಬರೆದರೆ ಅದಕ್ಕೆ ಹೊಂದುವ ಪದಗಳನ್ನೇ ತರುತ್ತದೆ. ಪದಬಂಧ ಬಿಡಿಸುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಆದರೆ ಅನೇಕ ನಿಘಂಟುಗಳಿಂದ ಒಟ್ಟುಗೂಡಿಸುವ ಕಾರಣ ಊರಿನ ಹೆಸರು, ಎರಡು ಪದಗಳ ನುಡಿಗಟ್ಟುಗಳೂ ನಡುವೆ ನುಗ್ಗುತ್ತವೆ. ಆಟದ ಲೆಕ್ಕಕ್ಕೆ ಅವು ಬರಿಯ ಹೊಟ್ಟು.

ಅಚ್ಚಾದ ಪದಬಂಧ ನಿಘಂಟು ಓದಲು ಸೊಗಸು, ಈ ಕೆಲಸಕ್ಕೆ ನಿರುಪಯುಕ್ತ.

ಆಟದ ಮೇಜಿನ ಹತ್ತಿರ ಮೊಬೈಲ್ ಇರಕೂಡದೆಂಬುದು ನಮ್ಮ ಗುಂಪಿನ ಕಟ್ಟಳೆ. ಹುಡುಕಾಟವೆಲ್ಲ ರಾತ್ರಿ ಊಟವಾದ ಮೇಲೆ, ಲ್ಯಾಪ್‌ಟಾಪ್ ಮುಂದೆ. ಹಾಗಾಗಿ ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್ ತೆರೆಯುವುದು ನನಗೆ ಹೊರೆಯಲ್ಲ. ವಿಂಡೋಸ್ ಬಳಸುವವರು ಇದೇ ಕಡತವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಚುಕ್ಕಿ, ನಕ್ಷತ್ರಗಳ ಈ ಬಗೆಯ ಹುಡುಕಾಟ) ಆಯ್ದುಕೊಂಡರೆ ಸಾಕು. ಮೊಬೈಲ್ ಒಂದೇ ಇರುವವರು ಜಾಲತಾಣಕ್ಕೆ ಹೋಗಲಿ. ಚಂದಾ ಕಟ್ಟಲೇಬೇಕೆನ್ನುವವರು ಮೊದಲು ಉಚಿತ ಅವಧಿಯಲ್ಲಿ ಒಂದೇ ಅಕ್ಷರವನ್ನು ಎರಡು ಸಲ ಒತ್ತಿ ನೋಡಲಿ, ಆಟೊಪೇ ಒಪ್ಪಿಗೆಯನ್ನು ಆಮೇಲೆ ಕೊಡಲಿ. ನನ್ನದನ್ನು ರದ್ದುಮಾಡಿಸಲು ಆ್ಯಪ್‌ನಲ್ಲಿ ಗುಂಡಿಯೇ ಸಿಗದೆ ಯುಪಿಐ ಸೆಟ್ಟಿಂಗ್ಸ್ ಹೊಕ್ಕು ನಿಲ್ಲಿಸಬೇಕಾಯಿತು.