ಹೊಲಿಗೆ ಬಗ್ಗೆ ಒಂದು ಅಫಿಲಿಯೇಟ್ ಸೈಟ್: ವರ್ಡ್‌ಪ್ರೆಸ್ ಜೊತೆ ಎರಡೂವರೆ ವರ್ಷ

ನನ್ನದು ಹೊಲಿಗೆ ಬಗ್ಗೆ ಬರೆಯುವ ಅಫಿಲಿಯೇಟ್ ಸೈಟ್, ಅಂದರೆ ನಾನು ಕೊಟ್ಟ ಲಿಂಕಿನಿಂದ ಯಾರಾದರೂ ಕೊಂಡರೆ ನನಗೆ ಕಮಿಷನ್ ಬರುತ್ತದೆ. ಅದನ್ನು ಕಟ್ಟಿದ್ದು ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ. ಮೊದಲೇ ಹೇಳಿಬಿಡುತ್ತೇನೆ, ವರ್ಡ್‌ಪ್ರೆಸ್ ಮೇಲೆ ನನಗೆ ದೂರಿಲ್ಲ. ದೂರು ಇರುವುದು ನಾನು ಮೊದಲು ಸೈಟ್ ಇಟ್ಟಿದ್ದ ಹೋಸ್ಟಿಂಗ್ ಕಂಪನಿ, ಅಂದರೆ ಸೈಟಿಗೆ ಜಾಗ ಬಾಡಿಗೆಗೆ ಕೊಡುವ ಕಂಪನಿ ಮೇಲೆ. ವರ್ಷ ತುಂಬಲು ಇಪ್ಪತ್ತು ದಿನ ಇರುವಾಗ ನವೀಕರಣದ ಬಿಲ್ ಕಳಿಸಿದರು. ಮೊದಲ ವರ್ಷ ಕೊಟ್ಟದ್ದರ ಮೂರು ಪಟ್ಟು! ಜಾಹೀರಾತಿನಲ್ಲಿ ದೊಡ್ಡದಾಗಿ ಕಂಡ ದರ ಒಂದೇ ವರ್ಷದ್ದಂತೆ. ಆ ಮಾತು ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಬಿಲ್ಲನ್ನು ಒಂದೊಂದೇ ಸಾಲು ಓದುತ್ತಾ ಹೋದೆ. ಜಾಗಕ್ಕೆ ಇಷ್ಟು, ಬ್ಯಾಕಪ್‌ಗೆ ಇಷ್ಟು, ಎಸ್‌ಎಸ್‌ಎಲ್‌ಗೆ ಇಷ್ಟು. ಎಸ್‌ಎಸ್‌ಎಲ್ ಸಾಲು ನೋಡಿದಾಗ ನಿಜಕ್ಕೂ ಸಿಟ್ಟು ಬಂತು. ಸೈಟಿಗೂ ಓದುವವರ ಬ್ರೌಸರಿಗೂ ನಡುವಿನ ಸಂಪರ್ಕವನ್ನು ಭದ್ರವಾಗಿಡುವ ಪ್ರಮಾಣಪತ್ರ ಅದು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ 2015ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ. ಈಗ ನಾನಿರುವ ಹೋಸ್ಟಿಂಗ್‌ನಲ್ಲಿ ಅದೇ ಪ್ರಮಾಣಪತ್ರ ತಾನಾಗಿಯೇ ನವೀಕರಣ ಆಗುತ್ತದೆ, ನಾನು ಏನೂ ಕೊಡುವುದಿಲ್ಲ. ಪುಕ್ಕಟೆ ಸಿಗುವುದಕ್ಕೆ ಹೊಸಬರ ಹತ್ತಿರ ದುಡ್ಡು ಕೇಳುವುದು ಸರಿಯಲ್ಲ.

ಇನ್ನೊಂದು ತೊಡಕೂ ಇತ್ತು. ಹೋಸ್ಟಿಂಗ್ ಜೊತೆ ಡೊಮೈನ್ (ಸೈಟಿನ ವಿಳಾಸದ ಹೆಸರು) ಉಚಿತ ಅಂದಿದ್ದರು, ನಾನೂ ಖುಷಿಯಿಂದ ತಗೊಂಡಿದ್ದೆ. ಹೊರಡುವಾಗ ಡೊಮೈನ್ ಕೂಡ ಅವರ ಕೈಯಲ್ಲೇ ಇತ್ತು. ಅದನ್ನು ಬೇರೆ ಕಡೆ ಒಯ್ಯಲು ಒಂದು ಕೋಡ್ ಬೇಕು. ಮೂರು ಸಲ ಚಾಟ್‌ನಲ್ಲಿ ಕೇಳಿದೆ, ಮೂರು ಸಲವೂ ರಿಯಾಯಿತಿ ತೋರಿಸಿ ಇಲ್ಲೇ ಇರಿ ಅಂದರು. ಕೇಳಿದ 5 ದಿನದೊಳಗೆ ಕೋಡ್ ಕೊಡಬೇಕು ಎಂಬ, ಡೊಮೈನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮವನ್ನು ನಾಲ್ಕನೇ ಸಲ ಬರೆದು ಕಳಿಸಿದೆ. ಆಮೇಲೆ ಬಂತು. ಹೊಸದಾಗಿ ಶುರು ಮಾಡುವವರು ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ತಗೊಳ್ಳಿ. ಸ್ವಲ್ಪ ಜಾಸ್ತಿ ಖರ್ಚಾದರೂ ಪರವಾಗಿಲ್ಲ.

ವರ್ಡ್‌ಪ್ರೆಸ್ ಮೇಲೆ ನನಗೆ ಗೌರವ ಹುಟ್ಟಿದ್ದು ಈ ಜಗಳದ ನಡುವೆ. ಅದು 2003ರಿಂದ ಇರುವ ಮುಕ್ತ ತಂತ್ರಾಂಶ, ಯಾರ ಹೋಸ್ಟಿಂಗ್‌ನಲ್ಲಿ ಬೇಕಾದರೂ ಕೂರುತ್ತದೆ. ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶಗಳಿಗೆ ಪ್ಲಗಿನ್ ಅನ್ನುತ್ತಾರೆ. ಅಂಥ ಒಂದು ಬ್ಯಾಕಪ್ ಪ್ಲಗಿನ್‌ನಿಂದ ಇಡೀ ಸೈಟನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ಹೊಸ ಜಾಗದಲ್ಲಿ ಖಾಲಿ ವರ್ಡ್‌ಪ್ರೆಸ್ ಹಾಕಿ, ಅದರೊಳಗೆ ಹಳೆಯದನ್ನು ತುಂಬಿದೆ. ಒಂದು ಸಂಜೆ ಸಾಕಾಯಿತು. ಬರಹ, ಚಿತ್ರ, ಲಿಂಕ್ ಎಲ್ಲವೂ ಇದ್ದ ಹಾಗೇ ಬಂದವು.

ಸೈಟಿನ ರೂಪ ತೀರ್ಮಾನಿಸುವ ಥೀಮ್ ಯಾವುದು, ಪ್ಲಗಿನ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಎಲ್ಲ ಕಡೆ ಸಿಗುತ್ತದೆ. ನನ್ನದು ಪುಕ್ಕಟೆ ಥೀಮ್, ಐದು ಪ್ಲಗಿನ್. ಹೊಲಿಗೆಯಲ್ಲಿ ಬರುವ ದುಡ್ಡಿನಿಂದಲೇ ಸೈಟಿನ ಖರ್ಚು ಹೊರಬೇಕು, ಹಾಗಾಗಿ ತಿಂಗಳ ಬಾಡಿಗೆ ಕೇಳುವ ಯಾವ ಸಾಧನವನ್ನೂ ತಗೊಂಡಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಒಂದು ಮಾತು. ಶೀರ್ಷಿಕೆಯಿಂದಲೇ ಪುಟದ ವಿಳಾಸ ಹುಟ್ಟಲು ಬಿಡಬೇಡಿ. ನಮ್ಮ ಅಕ್ಷರಗಳು ವಿಳಾಸದಲ್ಲಿ ಶೇಕಡಾ ಗುರುತುಗಳ ಉದ್ದ ಸರವಾಗುತ್ತವೆ. ವರ್ಡ್‌ಪ್ರೆಸ್ ಅದನ್ನು 200 ಚಿಹ್ನೆಗೆ ಕತ್ತರಿಸುವುದರಿಂದ ಶೀರ್ಷಿಕೆ ಅರ್ಧಕ್ಕೇ ನಿಲ್ಲುತ್ತದೆ. ಪ್ರಕಟಿಸುವ ಮೊದಲು ರೋಮನ್ ಅಕ್ಷರದಲ್ಲಿ ಎರಡು ಮೂರು ಪದದ ಚಿಕ್ಕ ವಿಳಾಸ ಕೈಯಾರೆ ಹಾಕಿ.

ಮೊದಲ ಮೂರು ತಿಂಗಳು ನನ್ನ ಸೈಟಿಗೆ ಯಾರೂ ಬರಲಿಲ್ಲ. ಇದಕ್ಕೆ ಎರಡು ಕಾರಣ ಇದ್ದವು. ವರ್ಡ್‌ಪ್ರೆಸ್‌ನಲ್ಲಿ ರೀಡಿಂಗ್ ಸೆಟ್ಟಿಂಗ್ಸ್ ಒಳಗೆ, ಸರ್ಚ್ ಎಂಜಿನ್‌ಗಳು ಸೈಟನ್ನು ಸೇರಿಸಿಕೊಳ್ಳಬಾರದು ಎಂದು ಹೇಳುವ ಒಂದು ಚೌಕ ಇದೆ. ಅರ್ಧಂಬರ್ಧ ಸೈಟ್ ಯಾರಿಗೂ ಕಾಣದಿರಲಿ ಅಂತ ಕಟ್ಟುವಾಗ ಅದಕ್ಕೆ ಟಿಕ್ ಹಾಕಿದ್ದೆ. ತೆಗೆಯಲು ಮರೆತೆ. ಕಾಯುತ್ತಾ ಕೂತಿದ್ದ ಆ ತಿಂಗಳುಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ನಿಮ್ಮ ಸೈಟ್ ಹೊಸದಾಗಿದ್ದರೆ ಇದನ್ನು ಓದುವುದು ನಿಲ್ಲಿಸಿ, ಮೊದಲು ಆ ಚೌಕ ನೋಡಿ ಬನ್ನಿ.

ಎರಡನೆಯ ಕಾರಣ ನಾನು ಬರೆದ ಪುಟ. ‘ಮನೆಗೆ 10 ಅತ್ಯುತ್ತಮ ಹೊಲಿಗೆ ಯಂತ್ರಗಳು’ ಅಂತ ಶುರು ಮಾಡಿದ್ದೆ. ಎಲ್ಲರೂ ಹಾಗೇ ಶುರು ಮಾಡುತ್ತಾರೆ ಅಲ್ವಾ? ಆದರೆ ನಾನು ಕೈಯಾರೆ ಬಳಸಿದ್ದು ಎರಡೇ ಯಂತ್ರ. ಉಳಿದ ಎಂಟರ ಬಗ್ಗೆ ಕಂಪನಿಗಳ ಪುಟ ಓದಿ ಬರೆದಿದ್ದೆ. ಟಿಕ್ ತೆಗೆದ ಮೇಲೂ ಆ ಪುಟಕ್ಕೆ ಯಾರೂ ಬರಲಿಲ್ಲ. ಪುಟಗಳ ಗುಣಮಟ್ಟ ಅಳೆಯುವ ತನ್ನ ಮಾರ್ಗಸೂಚಿಗೆ ಗೂಗಲ್ 2022ರ ಡಿಸೆಂಬರ್‌ನಲ್ಲಿ ‘ಅನುಭವ’ವನ್ನೂ ಸೇರಿಸಿತು. ಬರೆದವರು ವಸ್ತುವನ್ನು ಬಳಸಿದ್ದಾರಾ ಅಂತ ಕೇಳುವುದು ನ್ಯಾಯವೇ. ಆ ಪುಟ ಅಳಿಸಿಹಾಕಿದೆ.

ನಾನು ನಿಜಕ್ಕೂ ಹೇಳಬೇಕು ಅಂತಿದ್ದ ವಿಷಯ ಸರ್ಚ್ ಕನ್ಸೋಲ್. ಇದು ಗೂಗಲ್‌ನ ಪುಕ್ಕಟೆ ಸಾಧನ. ಯಾವ ಮಾತು ಹುಡುಕಿದಾಗ ನಮ್ಮ ಸೈಟ್ ಕಂಡಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಅಂತ ತೋರಿಸುತ್ತದೆ. ಬೆಳಿಗ್ಗೆ ಮನೆಯವರೆಲ್ಲ ಏಳುವ ಮೊದಲು ಅದನ್ನು ತೆರೆಯುತ್ತೇನೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು. ಗ್ರಾಫ್ ಕಡೆ ನೋಡುವುದೇ ಇಲ್ಲ, ನೇರ ಕೆಳಗಿನ ಪ್ರಶ್ನೆಗಳಿಗೆ ಹೋಗುತ್ತೇನೆ. ಹೊಸದು ಕಂಡರೆ ಬರೆದುಕೊಳ್ಳುತ್ತೇನೆ. ಅಲ್ಲಿ 16 ತಿಂಗಳ ಲೆಕ್ಕ ಮಾತ್ರ ಉಳಿಯುತ್ತದೆ, ನೋಟ್‌ಬುಕ್ಕಿನಲ್ಲಿ ಎಲ್ಲವೂ ಇದೆ. ಎರಡನೇ ನೋಟ್‌ಬುಕ್ ಈಗ ಅರ್ಧ ತುಂಬಿದೆ.

ಮೊದಲ ಪುಟದಲ್ಲಿ ಮೇಲೆಯೇ ಬರೆದಿರುವ ಪ್ರಶ್ನೆ: ‘ಮಿಷನ್ ಕೆಳಗಡೆ ದಾರ ಗಂಟಾಗುತ್ತೆ’. ಎಲ್ಲೋ ಯಾರೋ ಹೊಲಿಗೆ ಅರ್ಧಕ್ಕೆ ನಿಲ್ಲಿಸಿ, ಬಟ್ಟೆ ಕಿತ್ತುಕೊಂಡು, ಮೊಬೈಲ್ ತೆಗೆದು ಹಾಗೆ ಟೈಪ್ ಮಾಡಿದ್ದಾರೆ. ನನಗೂ ಹಾಗೇ ಆಗಿತ್ತಲ್ಲ! ಗಂಟು ಕೆಳಗೆ ಕಾಣುವುದರಿಂದ ಎಲ್ಲರೂ ಕೆಳಗಿನ ದಾರ ಸುತ್ತಿದ ಬಾಬಿನ್ ಬಿಚ್ಚುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆ ಒತ್ತುವ ಪಾದ ಕೆಳಗಿದ್ದಾಗ ದಾರ ಪೋಣಿಸಿದರೆ, ಅದು ದಾರವನ್ನು ಬಿಗಿಯಾಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ಕೂರುವುದಿಲ್ಲ. ಬಿಗಿ ಇಲ್ಲದ ದಾರ ಕೆಳಗೆ ಹೋಗಿ ಸುತ್ತಿಕೊಳ್ಳುತ್ತದೆ. ಪಾದ ಎತ್ತಿ ಪೋಣಿಸಿದರೆ ಮುಗಿಯಿತು.

ಇದನ್ನು ಬರೀ ಮಾತಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಮೇಲೆ ಕೆಂಪು ದಾರ, ಬಾಬಿನ್‌ಗೆ ನೀಲಿ ದಾರ ಹಾಕಿ ಬಿಳಿ ಬಟ್ಟೆ ಚೂರಿನ ಮೇಲೆ ಬೇಕೆಂದೇ ತಪ್ಪಾಗಿ ಹೊಲಿದೆ. ಬಟ್ಟೆ ಮಗುಚಿದರೆ ಕೆಳಗೆಲ್ಲ ಕೆಂಪು ಕುಣಿಕೆಗಳು. ಯಾವ ದಾರದ ತಪ್ಪು ಅಂತ ಯಾರಿಗಾದರೂ ಕಾಣುತ್ತದೆ. ಕಿಟಕಿ ಬೆಳಕಿನಲ್ಲಿ ಫೋಟೋ ತೆಗೆದು, ಅಳತೆ ಕುಗ್ಗಿಸಿ ಹಾಕಿದೆ. ಪಾದ ಎತ್ತಿ ಪೋಣಿಸಿದ ಮೇಲೆ ಬಂದ ಹೊಲಿಗೆಯ ಚಿತ್ರವನ್ನು ಅದರ ಪಕ್ಕದಲ್ಲೇ ಇಟ್ಟೆ.

ಪುಟದ ಕೊನೆಯಲ್ಲಿ ಸೂಜಿಯ ಮಾತು ಬರುತ್ತದೆ, ಯಾಕೆಂದರೆ ಮೊಂಡಾದ ಸೂಜಿಯೂ ಹೊಲಿಗೆ ಕೆಡಿಸುತ್ತದೆ. ಪೊಟ್ಟಣದ ಮೇಲೆ 90/14 ಅಂತಿದ್ದರೆ, 90 ಎಂದರೆ ಸೂಜಿಯ ದಪ್ಪ 0.9 ಮಿಲಿಮೀಟರ್. ನಾನು ಬಳಸುವ ಸೂಜಿ ಪೊಟ್ಟಣಕ್ಕೆ ಅಲ್ಲೇ ಒಂದು ಲಿಂಕ್. ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಅಂತ ಪುಟದ ಮೇಲ್ಭಾಗದಲ್ಲೇ ಬರೆದಿದ್ದೇನೆ. ಇದು ದುಡ್ಡು ಬರುವ ಲಿಂಕ್ ಅಂತ ಸರ್ಚ್ ಎಂಜಿನ್‌ಗೆ ತಿಳಿಸುವ ‘ಸ್ಪಾನ್ಸರ್ಡ್’ ಗುರುತೂ ಅದಕ್ಕೆ ಹಾಕಿದ್ದೇನೆ. ಗೂಗಲ್ 2019ರಿಂದ ಇಂಥ ಲಿಂಕಿಗೆ ಅದನ್ನೇ ಹಾಕಲು ಹೇಳುತ್ತದೆ.

ನನ್ನ ಮೊದಲ ಕಮಿಷನ್ ಬಂದದ್ದು ಈ ಪುಟದಿಂದ. ಒಂದು ರೀಲ್ ದಾರಕ್ಕೂ ಸಾಲದಷ್ಟು ಸಣ್ಣ ಮೊತ್ತ, ಆದರೂ ಅವತ್ತು ಕೈ ನಡುಗಿತು. ಯಾರೋ ನನ್ನ ಮಾತು ನಂಬಿ ಸೂಜಿ ಕೊಂಡಿದ್ದರು. ಇವತ್ತು ಇಂಥ ಮೂವತ್ತೊಂದು ಪುಟಗಳಿವೆ. ಎಲ್ಲವೂ ನೋಟ್‌ಬುಕ್ಕಿನ ಪ್ರಶ್ನೆಗಳಿಂದ ಹುಟ್ಟಿದವು. ಹೋಸ್ಟಿಂಗ್, ಡೊಮೈನ್ ಎರಡರ ಖರ್ಚೂ ಸೈಟಿನಿಂದಲೇ ಬರುತ್ತಿದೆ, ಮೇಲೆ ಸ್ವಲ್ಪ ಉಳಿಯುತ್ತದೆ. ಕೆಲಸ ಬಿಟ್ಟು ಇದನ್ನೇ ನಂಬಿ ಕೂರುವಷ್ಟು ಅಲ್ಲ. ತಿಂಗಳೊಳಗೆ ದುಡ್ಡು ಬೇಕು ಅನ್ನುವವರಿಗೆ ಈ ದಾರಿ ಬೇಡ.

ಒಂದು ವಿಷಯದಲ್ಲಿ ಮಾತ್ರ ನಾನು ತಡ ಮಾಡಿದ್ದು ಒಳ್ಳೆಯದಾಯಿತು. ಅಮೆಜಾನ್‌ನ ಕಮಿಷನ್ ಯೋಜನೆಯಾದ ಅಸೋಸಿಯೇಟ್ಸ್‌ಗೆ ಸೇರಿದ 180 ದಿನದೊಳಗೆ ಕನಿಷ್ಠ 3 ಮಾರಾಟ ಆಗಬೇಕು, ಸ್ವಂತಕ್ಕೆ ಕೊಂಡದ್ದು ಲೆಕ್ಕಕ್ಕಿಲ್ಲ. ಓದುಗರು ಬರಲು ಶುರುವಾದ ಮೇಲೆಯೇ ಅರ್ಜಿ ಹಾಕಿದ್ದರಿಂದ ಆ ಗಡುವಿನ ಚಿಂತೆ ಕಾಡಲಿಲ್ಲ.

ನಕ್ಷತ್ರ ಕೊಡಬೇಕಾದರೆ ವರ್ಡ್‌ಪ್ರೆಸ್‌ಗೆ ನಾಲ್ಕು, ಸರ್ಚ್ ಕನ್ಸೋಲ್‌ಗೆ ಐದು, ಹಳೆಯ ಹೋಸ್ಟಿಂಗ್‌ಗೆ ಒಂದು. ಇವತ್ತು ಬೆಳಿಗ್ಗೆ ಹೊಸದೊಂದು ಪ್ರಶ್ನೆ ಕಂಡಿತು: ‘ಓವರ್‌ಲಾಕ್ ಇಲ್ಲದೆ ಬಟ್ಟೆ ಅಂಚು ಹೊಲಿಯೋದು ಹೇಗೆ’. ಓವರ್‌ಲಾಕ್ ಅಂದರೆ ಅಂಚಿನ ಎಳೆ ಬಿಚ್ಚದಂತೆ ಹೊಲಿಯುವ ಯಂತ್ರ. ನನ್ನ ಸೈಟ್ ಹದಿನಾಲ್ಕು ಸಲ ಕಾಣಿಸಿಕೊಂಡಿದೆ, ಒಬ್ಬರೂ ಒಳಗೆ ಬಂದಿಲ್ಲ. ಬರುವುದು ಹೇಗೆ, ಆ ಉತ್ತರ ನನ್ನ ಸೈಟಿನಲ್ಲಿ ಇಲ್ಲವಲ್ಲ. ಎಳೆ ಬಿಚ್ಚುವ ಹತ್ತಿ ಬಟ್ಟೆಯ ನಾಲ್ಕು ಚೂರು ಕತ್ತರಿಸಿ ಮೇಜಿನ ಮೇಲೆ ಇಟ್ಟಿದ್ದೇನೆ. ಮಧ್ಯಾಹ್ನ ಬೆಳಕು ಚೆನ್ನಾಗಿರುವಾಗ ಅಂಚಿಗೆ ಜಿಗ್‌ಜ್ಯಾಗ್ ಹೊಲಿಗೆ ಹಾಕಿ ಫೋಟೋ ತೆಗೆಯಬೇಕು.