ಹೆಸರಿಲ್ಲದ ವಾತದ ಪುಡಿ: ಶಿರಸಿ, ಕುಮಟಾ ಕಡೆಯವರು ಒಮ್ಮೆ ಓದಿ

ಘಟ್ಟದ ಕೆಳಗಿನ ಒಂದು ಪೇಟೆಯಲ್ಲಿ ವಾರಕ್ಕೊಮ್ಮೆ ಬಂದು ಕೂರುವವನೊಬ್ಬ ಗಂಟುನೋವಿಗೆ ಪುಡಿ ಕೊಡುತ್ತಾನೆ. ಚೀಟಿ ಇಲ್ಲ, ಬಿಲ್ ಇಲ್ಲ, ಪೊಟ್ಟಣದ ಮೇಲೆ ಹೆಸರೂ ಇಲ್ಲ. ಹಾಸಿಗೆ ಹಿಡಿದವರು ಮೂರನೇ ದಿನಕ್ಕೆ ಎದ್ದು ತೋಟಕ್ಕೆ ಹೋಗುತ್ತಾರೆ ಅನ್ನುವುದು ಅವನ ಖ್ಯಾತಿ. ಅದು ಸುಳ್ಳಲ್ಲ, ನಮ್ಮ ಅಪ್ಪಯ್ಯನೂ ಎದ್ದು ಹೋದ. ಆದರೆ ಅವನ ಅಸ್ಥಿಮಜ್ಜೆಯಲ್ಲಿದ್ದ ಕಾಯಿಲೆಯನ್ನು ಆ ಪುಡಿ ವರ್ಷಕ್ಕೂ ಮಿಕ್ಕಿ ಮುಚ್ಚಿಟ್ಟಿತು, ಕೊನೆಗೆ ಒಂದು ರಾತ್ರಿ ಜೀವಕ್ಕೇ ಕುತ್ತು ತಂದಿತು.

ಅಪ್ಪಯ್ಯನಿಗೆ ಅರವತ್ತೆಂಟು. ಮೊದಲು ಶುರುವಾದದ್ದು ಜ್ವರ. ನಾಲ್ಕೈದು ದಿನ ಕಾಡಿ ಹೋಗುವುದು, ಮತ್ತೆ ಬರುವುದು. ನಮ್ಮ ಕಡೆ ಜ್ವರ ಅಂದರೆ ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಅಂತಲೇ ಮೊದಲ ಯೋಚನೆ. ಬೆಟ್ಟಕ್ಕೆ ಸೊಪ್ಪಿಗೆ ಹೋಗುವವರ ಮೈಗೆ ಉಣುಗು ಹತ್ತದೇ ಇರುತ್ತದೆಯೇ. ಎಲ್ಲ ಪರೀಕ್ಷೆಯೂ ಆಯಿತು, ಯಾವುದೂ ಅಲ್ಲ ಎಂದಾಯಿತು. ಆಮೇಲೆ ಮೊಣಕಾಲು, ಮಣಿಗಂಟು ಬಾತವು. ಕಾಲಿನ ಮೇಲೆ ಕೆಂಪು ಗಂಟುಗಳೆದ್ದವು.

ಮತ್ತೆ ಕಿವಿ. ಒಂದು ಬೆಳಿಗ್ಗೆ ಎಡಗಿವಿ ಕೆಂಪಗೆ ಊದಿಕೊಂಡಿತ್ತು, ದಿಂಬಿಗೆ ತಾಗಿಸಲೂ ಆಗದಷ್ಟು ನೋವು. ಒಂಟಿ ಚುಚ್ಚಿಸಿಕೊಂಡ ಕೆಳಗಿನ ಹಾಲೆ ಮಾತ್ರ ಏನೂ ಆಗದವರ ಹಾಗೆ ಇತ್ತು. ಹುಳ ಕಚ್ಚಿದ್ದು ಎಂದರು ಮನೆಯವರು. ಸೋಂಕು ಎಂದು ಆಂಟಿಬಯೋಟಿಕ್ ಕೊಟ್ಟರು ಡಾಕ್ಟರು. ಆ ಹಾಲೆ ಯಾಕೆ ಬಚಾವಾಯಿತು ಅಂತ ನಮಗೆ ತಿಳಿದದ್ದು ಬಹಳ ತಡವಾಗಿ. ಅಲ್ಲಿ ಮೃದ್ವಸ್ಥಿ, ಅಂದರೆ ಕಿವಿ-ಮೂಗಿಗೆ ಆಕಾರ ಕೊಡುವ ಮೆತ್ತನೆ ಎಲುಬು, ಇಲ್ಲ. ಚರ್ಮದ ಸೋಂಕಾದರೆ ಹಾಲೆಗೂ ಹಬ್ಬುತ್ತದೆ, ಮೃದ್ವಸ್ಥಿಯ ಉರಿಯೂತ ಅದನ್ನು ಬಿಟ್ಟು ಉಳಿದದ್ದನ್ನು ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಕಿವಿಯೋ ಮೂಗಿನ ದಂಡೆಯೋ ಪದೇಪದೇ ಊದುತ್ತಿದ್ದರೆ ಫೋಟೊ ತೆಗೆದಿಡಿ. ಆಸ್ಪತ್ರೆಗೆ ಹೋಗುವ ದಿನ ಅದು ಇಳಿದೇ ಇರುತ್ತದೆ.

ರಕ್ತವೂ ಕಡಿಮೆಯಿತ್ತು, ಹಿಮೋಗ್ಲೋಬಿನ್ 9ರ ಆಸುಪಾಸು. ಲ್ಯಾಬಿನ ಹಾಳೆಯಲ್ಲಿ ಎಂಸಿವಿ ಎಂಬ ಸಾಲೊಂದಿರುತ್ತದೆ ನೋಡಿ, ಕೆಂಪು ರಕ್ತಕಣದ ಗಾತ್ರ ಹೇಳುವುದು. ಅದು 80ರಿಂದ 100ರೊಳಗೆ ಇರಬೇಕು, ಅಪ್ಪಯ್ಯನದು 112. ಕಬ್ಬಿಣದ ಕೊರತೆಯಾದರೆ ಕಣ ಸಣ್ಣದಾಗುತ್ತದೆ, ಇಲ್ಲಿ ದೊಡ್ಡದಾಗಿತ್ತು. ಶಾಕಾಹಾರಿ ಮನೆ, ಬಿ12 ಕಡಿಮೆಯಿರಬೇಕು ಎಂದು ಇಂಜೆಕ್ಷನ್ ಕೊಟ್ಟರು. ಆ ಊಹೆಯಲ್ಲಿ ತಪ್ಪೇನಿಲ್ಲ, ನಮ್ಮಂಥವರಲ್ಲಿ ಹತ್ತಕ್ಕೆ ಎಂಟು ಸಲ ಅದೇ ಇದ್ದರೂ ಇರಬಹುದು. ಆದರೆ ಸೂಜಿಯ ಕೋರ್ಸ್ ಮುಗಿದರೂ ರಕ್ತ ಏರಲಿಲ್ಲ. ಮುಂದಿನ ಪ್ರಶ್ನೆ ಕೇಳಬೇಕಾದ ಹೊತ್ತು ಅದು. ಸರಿಯಾಗಿ ಆಗಲೇ ಪುಡಿ ಮನೆಗೆ ಬಂತು.

ತಂದುಕೊಟ್ಟವರು ಹತ್ತಿರದ ನೆಂಟರು, ಒಳ್ಳೆಯ ಮನಸ್ಸಿನಿಂದಲೇ ತಂದದ್ದು. ನ್ಯೂಸ್‌ಪೇಪರ್ ತುಂಡಿನಲ್ಲಿ ಮಡಚಿದ ಚಿಕ್ಕ ಚಿಕ್ಕ ಪೊಟ್ಟಣ. ಕಂದು ಬಣ್ಣ, ಶುಂಠಿ ಮತ್ತು ಹಿಪ್ಪಲಿಯ ಘಾಟು. ಬೆಳಕಿಗೆ ಹಿಡಿದರೆ ನಡುವೆ ಬೆಳ್ಳಗಿನ ನುಣ್ಣನೆ ಪುಡಿ, ಮಾತ್ರೆ ಅರೆದ ಹಾಗೆ. ಬೆಳಿಗ್ಗೆ ಊಟವಾದ ಮೇಲೆ ಒಂದು ಪೊಟ್ಟಣ ಜೇನಿನಲ್ಲಿ. ಜ್ವರ ಹೋಯಿತು, ಗಂಟು ಇಳಿಯಿತು, ಕಿವಿ ತಣ್ಣಗಾಯಿತು. “ಈಗ ಎಂತ ಇಲ್ಲೆ, ಆರಾಮ್ ಆಯ್ದು” ಎಂದು ಅಪ್ಪಯ್ಯ ಫೋನಿನಲ್ಲಿ ಎಲ್ಲರಿಗೂ ಹೇಳಿದ್ದೇ ಹೇಳಿದ್ದು. ಮುಖ ದುಂಡಗಾದಾಗ ಮದುವೆಮನೆಯಲ್ಲಿ ಕಳೆ ಬಂದಿದೆ ಎಂದರು. ಮೈಯಲ್ಲಿ ಸುಮ್ಮನೆ ತಾಗಿದಲ್ಲೆಲ್ಲ ನೀಲಿ ಕಲೆ ಬೀಳುವುದಕ್ಕೆ ವಯಸ್ಸು ಎಂದರು. ಸಕ್ಕರೆ ಏರಿದ್ದಕ್ಕೆ ಪಾಯಸ ಎಂದರು. ನಮ್ಮವರ ಹತ್ತಿರ ಪ್ರತಿಯೊಂದಕ್ಕೂ ಒಂದು ಕಾರಣ ತಯಾರಿರುತ್ತದೆ.

ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ಬಂದಾಯಿತು. ಪುಡಿ ಮುಗಿದಿತ್ತು, ಹೇಗೂ ಆರಾಮಿದ್ದೇನಲ್ಲ ಎಂದು ಅಪ್ಪಯ್ಯನೂ ತಲೆ ಕೆಡಿಸಿಕೊಳ್ಳಲಿಲ್ಲ. ವಾರದೊಳಗೆ ಊಟ ಸೇರದಾಯಿತು, ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. ಆ ರಾತ್ರಿ ಬಚ್ಚಲ ಬಾಗಿಲಲ್ಲಿ ಕುಸಿದು ಬಿದ್ದ. ಶಿರಸಿಗೆ ಮುಟ್ಟಿಸುವಾಗ ಬಿಪಿ ಮೇಲಿನ ಅಂಕಿಯೇ 70, ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮುಖ, ತೋಳಿನ ಚರ್ಮ ನೋಡಿ ಕೇಳಿದ್ದು ಒಂದೇ: “ಇವರು ಯಾವ ಪುಡಿ ತಿಂತಿದ್ರು?” ಆಯಿ ಸೆರಗಿನ ಗಂಟಿನಿಂದ ಖಾಲಿ ಪೊಟ್ಟಣ ತೆಗೆದು ಕೊಟ್ಟಳು. ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಸಲೈನ್. ಬೆಳಗಾಗುವುದರೊಳಗೆ ಎದ್ದು ಕುಳಿತು ಚಹಾ ಕೇಳಿದ.

ಸೂಜಿಗೆ ಮೊದಲು ತೆಗೆದ ರಕ್ತದಲ್ಲಿ ಕಾರ್ಟಿಸೋಲ್, ಅಂದರೆ ಮೈ ತಾನೇ ತಯಾರಿಸಿಕೊಳ್ಳುವ ಸ್ಟೀರಾಯ್ಡ್, ಇಲ್ಲವೆನ್ನುವಷ್ಟು ಕಡಿಮೆ ಎಂದು ರಿಪೋರ್ಟ್ ಬಂತು. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬೀಳುತ್ತಿದ್ದರೆ ಅದನ್ನು ತಯಾರಿಸುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸುತ್ತದೆ. ಮನೆಗೆ ದಿನಾ ಪಾತ್ರೆಯಲ್ಲಿ ಹಾಲು ಬರುತ್ತಿದ್ದರೆ ಆಕಳು ಬತ್ತಿಸಿಕೊಂಡ ಹಾಗೆ. ಒಮ್ಮೆಗೇ ನಿಲ್ಲಿಸಿದಿರೋ, ಒಳಗೂ ಇಲ್ಲ, ಹೊರಗೂ ಇಲ್ಲ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಮಾತ್ರೆಗಳು ಡಾಕ್ಟರ ಚೀಟಿ ಇಲ್ಲದೆ ಮಾರುವಂಥವಲ್ಲ, ಆದರೆ ಬಹಳ ಅಗ್ಗ. ಅರೆದು ಶುಂಠಿಪುಡಿಗೆ ಬೆರೆಸಿದರೆ ಯಾರಿಗೆ ಗೊತ್ತಾಗಬೇಕು.

ಪುಡಿಯ ಮುಸುಕು ಸರಿದ ಮೇಲೆ ಜ್ವರ, ಕಿವಿ ಎರಡೂ ತಿರುಗಿ ಬಂದವು. ಈ ಸಲ ಪ್ಲೇಟ್‌ಲೆಟ್ ಕೂಡ ಇಳಿದಿತ್ತು, ಬಿ12 ಸಾಕಷ್ಟಿತ್ತು. ನಮ್ಮ ಜಿಲ್ಲೆಯಲ್ಲಿ ರಕ್ತದ ಕಾಯಿಲೆಯ ತಜ್ಞರನ್ನು ಎಲ್ಲಿ ಹುಡುಕುವುದು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎಷ್ಟು ಕೂಗಿದರೂ ಹುಬ್ಬಳ್ಳಿ, ಗೋವಾ, ಮಣಿಪಾಲ, ಮಂಗಳೂರು ತಪ್ಪಿದ್ದಲ್ಲ. ಮಣಿಪಾಲಕ್ಕೆ ಹೋದೆವು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿದರು. ರಕ್ತಕಣಗಳಾಗಬೇಕಾದ ಎಳೆಯ ಕೋಶಗಳ ತುಂಬ ಗುಳ್ಳೆಯಂಥ ಪೊಳ್ಳುಗಳು. ಜೀನ್ ಪರೀಕ್ಷೆಯೂ ಆಯಿತು. ಕಾಯಿಲೆಯ ಹೆಸರು ವೆಕ್ಸಾಸ್, ಜೊತೆಗೆ ಮಜ್ಜೆ ಸರಿಯಾಗಿ ರಕ್ತ ತಯಾರಿಸದ ಎಂಡಿಎಸ್.

ವೆಕ್ಸಾಸ್ ಅನ್ನು ವೈದ್ಯಲೋಕ ಗುರುತಿಸಿದ್ದೇ 2020ರಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು. ಎಕ್ಸ್ ಕ್ರೋಮೋಸೋಮಿನ ಮೇಲಿನ ಯುಬಿಎ1 ಎಂಬ ಜೀನ್ ಮಜ್ಜೆಯ ಕೋಶಗಳಲ್ಲಿ ಕೆಡುತ್ತದೆ. ಆ ಕೋಶಗಳಿಂದ ಹುಟ್ಟುವ ರಕ್ತಕಣಗಳು ಮೈಯಲ್ಲೆಲ್ಲ ಉರಿಯೂತ ಎಬ್ಬಿಸುತ್ತವೆ. ಗಂಡಸರಲ್ಲಿ ಆ ಕ್ರೋಮೋಸೋಮ್ ಒಂದೇ ಇರುವುದರಿಂದ ಬಹುಪಾಲು ಐವತ್ತು ದಾಟಿದ ಗಂಡಸರಿಗೇ ಬರುತ್ತದೆ. ನಡುವಯಸ್ಸಿನ ಮೇಲೆ ಆಗುವ ಕೆಡುಕು, ಹುಟ್ಟಿನಿಂದ ಬಂದದ್ದಲ್ಲ. ಮಕ್ಕಳಿಗೆ ದಾಟುವುದಿಲ್ಲ ಎಂದು ಕೇಳಿದ ಮೇಲೆ ಆಯಿಗೆ ಅರ್ಧ ಸಮಾಧಾನ. ಪುಡಿಯಿಂದ ಮಜ್ಜೆ ಕೆಟ್ಟಿತು ಅಂತ ನಾನು ಹೇಳುತ್ತಿಲ್ಲ. ಕೆಟ್ಟದ್ದು ಕಾಣದ ಹಾಗೆ ಮಾಡಿತು, ಅಷ್ಟರಲ್ಲಿ ಸಕ್ಕರೆ ಕಾಯಿಲೆಯನ್ನೂ ಟೊಳ್ಳು ಎಲುಬನ್ನೂ ಕೊಟ್ಟಿತು.

ಮಣಿಪಾಲದಲ್ಲಿ ಬರೆದ ಮೊದಲ ಮಾತ್ರೆಯೂ ಪ್ರೆಡ್ನಿಸೋಲೋನೇ. ಅಪ್ಪಯ್ಯ ನನ್ನ ಮುಖ ನೋಡಿದ: “ಹಂಗಾರೆ ತಮ್ಮಾ, ಆ ಪುಡಿಯವ ಕೊಟ್ಟಿದ್ದೂ ಇದನ್ನೇ ಅಲ್ದನಾ?” ಪ್ರಶ್ನೆ ಸರಿಯಾದದ್ದೇ. ಡಾಕ್ಟರು ನಕ್ಕು, ಹೌದು, ಆದರೆ ಎಷ್ಟು ಅಂತ ಅವನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ ಎಂದರು. ಈ ಕಾಯಿಲೆಯಲ್ಲಿ ಸ್ಟೀರಾಯ್ಡ್ ಕೆಲಸ ಮಾಡುತ್ತದೆ, ಇಳಿಸಿದರೆ ಉರಿಯೂತ ಮರಳುತ್ತದೆ. ಹಾಗಾಗಿ ಕ್ಷಯ, ಹೆಪಟೈಟಿಸ್ ಬಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಎಲುಬಿಗೆ, ಸಕ್ಕರೆಗೆ ಬೇರೆ ಔಷಧ ಕೊಟ್ಟು, ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿ ತಗ್ಗಿಸಲು ಇನ್ನೊಂದು ಮದ್ದು ಸೇರಿಸುತ್ತಾರೆ. ಕೆಲವರಿಗೆ ರುಕ್ಸೋಲಿಟಿನಿಬ್ ಮಾತ್ರೆ, ಕೆಲವರಿಗೆ ಟೋಸಿಲಿಜುಮಾಬ್. ಎಂಡಿಎಸ್ ಕೂಡ ಇರುವುದರಿಂದ ಅಪ್ಪಯ್ಯನಿಗೆ ಅಜಾಸಿಟಿಡಿನ್: 28 ದಿನದ ಸುತ್ತಿನಲ್ಲಿ 7 ದಿನ ಚರ್ಮದಡಿಗೆ ಚುಚ್ಚುವುದು. ಪೂರ್ತಿ ಗುಣ ಆಗುವ ದಾರಿ ಎಂದರೆ ಬೇರೊಬ್ಬರ ಮಜ್ಜೆಯ ಕಸಿ. ಅವನ ವಯಸ್ಸಿಗೆ, ಈಗಿನ ಮೈಗೆ ಅದು ಬೇಡ ಎಂದಿದ್ದಾರೆ. ಸದ್ಯ ಜ್ವರ ಇಲ್ಲ, ಆಗಾಗ ರಕ್ತ ಹಾಕಿಸಬೇಕಾಗುತ್ತದೆ.

ಪುಡಿಯವನಿಗೆ ಫೋನ್ ಮಾಡಿದ್ದೆ. ಅದು ಬೇರು, ಅಡ್ಡಪರಿಣಾಮ ಇಲ್ಲ, ನೀವು ಪಥ್ಯ ಮಾಡಿಲ್ಲ ಎಂದ. ಔಷಧ ನಿಯಂತ್ರಣ ಇಲಾಖೆಗೆ ದೂರು ಬರೆದಿದ್ದೇವೆ, ಆದರೆ ಬಿಲ್ ಎಲ್ಲಿ ಎಂದು ಕೇಳಿದರೆ ತೋರಿಸಲು ನಮ್ಮ ಹತ್ತಿರ ಖಾಲಿ ಕಾಗದ ಮಾತ್ರ. ನಿಮ್ಮ ಮನೆಯಲ್ಲಿ ಇಂಥ ಪುಡಿ ಇದ್ದರೆ ಸಿಟ್ಟಿನಲ್ಲಿ ಇವತ್ತೇ ಹೊಳೆಗೆ ಎಸೆಯಬೇಡಿ, ತಿನ್ನುವುದನ್ನು ದಿಢೀರ್ ನಿಲ್ಲಿಸಲೂ ಬೇಡಿ. ತಿನ್ನುವವರನ್ನೂ ಉಳಿದ ಪೊಟ್ಟಣವನ್ನೂ ಒಟ್ಟಿಗೆ ಡಾಕ್ಟರ ಹತ್ತಿರ ಒಯ್ಯಿರಿ, ಎಷ್ಟು ತಿಂಗಳಿಂದ ಎನ್ನುವುದನ್ನು ಮೊದಲೇ ಹೇಳಿ. ಹಲ್ಲು ಕೀಳಿಸುವುದಿರಲಿ, ಹರ್ನಿಯಾ ಆಪರೇಷನ್ ಇರಲಿ, ಅಲ್ಲಿಯೂ ಹೇಳಿ. ಎಂಸಿವಿ 100 ದಾಟಿ, ಬಿ12, ಥೈರಾಯ್ಡ್ ಸರಿಯಿದ್ದೂ ಜ್ವರ ಮತ್ತು ಊತ ಬಂದುಹೋಗುತ್ತಿದ್ದರೆ ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ರಕ್ತದ ತಜ್ಞರಿಗೇ ತೋರಿಸಿ.